ದಾನಿಯೇಲನ ಅಂಗಿ

ಒಳಗೆ ಹೊಲಿಗೆ ಮಿಷನ್ನು ನಿಂತಿತು. ಹಿತ್ತಿಲ ಬಾಗಿಲಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತಿದ್ದ ಜ್ಞಾನಮಿತ್ರನ ಕೈಯೂ ನಿಂತಿತು. ಮಿಷನ್ನು ಓಡುತ್ತಿರುವ ತನಕ ಹೇಳಿ ಪ್ರಯೋಜನವಿಲ್ಲ, ಅವಳಿಗೆ ಕೇಳಿಸುವುದಿಲ್ಲ ಎಂದು ಬೆಳಗಿನಿಂದ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದವನಿಗೆ ಈಗ ಬೇರೆ ಕಾರಣ ಹುಡುಕಬೇಕಾಯಿತು. ಅದೃಷ್ಟಕ್ಕೆ ಅರ್ಧ ಮುಖದ ಮೇಲೆ ಸೋಪಿನ ನೊರೆ ಇತ್ತು. ಒಂದು ಮಗು ಸತ್ತ ಸುದ್ದಿಯನ್ನು ನೊರೆ ಮೆತ್ತಿದ ಮುಖದಲ್ಲಿ ಹೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಕೃಪಾವತಿ ಅಂಗಿಯ ಎರಡೂ ತೋಳು ಹಿಡಿದು ಬಾಗಿಲಿಗೆ ಬಂದಳು. ತಿಳಿನೀಲಿ ಬಟ್ಟೆ, ಎದೆಯ ಮೇಲೊಂದು ಜೇಬು. ಎದುರುಮನೆ ನರಸಿಂಹಮ್ಮನ ಮೊಮ್ಮಗನನ್ನು ನಿಲ್ಲಿಸಿ ಅಳತೆ ತೆಗೆದು, ಕಾಡಿನಲ್ಲಿ ಬೆಳೆದ ಹುಡುಗ ಸ್ವಲ್ಪ ಸಣಕಲಾಗಿರಬಹುದೆಂದು ಅರ್ಧ ಇಂಚು ಕಮ್ಮಿ ಮಾಡಿದ್ದಳು. ಗುಂಡಿ ನಾಲ್ಕು ಸಾಕೋ ಐದು ಬೇಕೋ ಎಂದು ಕೇಳಿದಳು. ಐದು ಎಂದ. ಹೇಳಿದ ಮೇಲೆ, ಇಷ್ಟು ಖಚಿತವಾಗಿ ಯಾಕೆ ಹೇಳಿದೆ ಎಂದು ಅವನಿಗೇ ಆಶ್ಚರ್ಯವಾಯಿತು.

ಆ ಹುಡುಗ ನಡುಮನೆಯ ಗೋಡೆಯ ಮೇಲೆ, ಗಡಿಯಾರಕ್ಕೂ ಕ್ಯಾಲೆಂಡರಿಗೂ ನಡುವೆ ಇದ್ದ. ದೂರದ ಕಾಡುಗಳಿಗೆ ದೇವರ ಕೆಲಸಕ್ಕೆ ಹೋದ ಸಂಸಾರಗಳ ಫೋಟೋಗಳನ್ನು, ಅವರನ್ನು ಕಳಿಸಿದ ಮಿಷನರಿ ಸಂಘದವರು ಊರೂರಿನ ಕ್ರೈಸ್ತ ಮನೆಗಳಿಗೆ ಹಂಚುತ್ತಿದ್ದರು. ಒಂದು ಮನೆಗೆ ಒಂದು ಸಂಸಾರ. ಅದನ್ನು ಗೋಡೆಗೆ ಹಾಕಿಕೊಂಡು ದಿನಾ ಸಂಜೆ ಒಬ್ಬೊಬ್ಬರ ಹೆಸರನ್ನೂ ಎತ್ತಿ ಪ್ರಾರ್ಥಿಸಬೇಕು. ಕಾಗದ ಬರೆಯುವ ಹಾಗಿಲ್ಲ, ಕಾಡಿನಲ್ಲಿರುವವರ ಮೇಲೆ ಉತ್ತರ ಬರೆಯುವ ಹೊರೆ ಹೊರಿಸಬಾರದೆಂದು ಕಟ್ಟಳೆ. ತುಮಕೂರು ಉಪ್ಪಾರಹಳ್ಳಿಯ ಈ ಮನೆಯ ಪಾಲಿಗೆ ಬಂದದ್ದು ಈ ಕಡೆಯಿಂದಲೇ ಒರಿಸ್ಸಾದ ಬೆಟ್ಟಕ್ಕೆ ಹೋದ ಜಯಶೀಲ, ಅವನ ಹೆಂಡತಿ ರೂತಮ್ಮ, ಮಗಳು ಶಾಂತಿ, ಮಗ ದಾನಿಯೇಲ. ಫೋಟೋ ತೆಗೆದ ಮೇಲೆ ಹುಟ್ಟಿದ ಗಂಡುಮಗುವನ್ನು ಕೃಪಾವತಿ ಪ್ರಾರ್ಥನೆಯ ಹೆಸರುಗಳಿಗೆ ಸೇರಿಸಿಕೊಂಡಿದ್ದಳು. ಫೋಟೋ ತೆಗೆಯುವಾಗ ದಾನಿಯೇಲ ಅಲುಗಾಡಿದ್ದರಿಂದ ಅವನ ಮುಖ ಕಲಸಿಹೋಗಿತ್ತು, ಕಿವಿಯೊಂದೇ ಸ್ಪಷ್ಟ. ಮಕ್ಕಳಿಲ್ಲದ ಹೆಂಗಸಿಗೆ ಅಷ್ಟು ಸಾಕಾಯಿತು. ಮೂಗು ಬಾಯಿ ಕಣ್ಣನ್ನೆಲ್ಲ ಅವಳೇ ವರ್ಷ ವರ್ಷವೂ ತಿದ್ದಿಕೊಂಡು ಬಂದಿದ್ದಳು.

ಕೃಪಾವತಿಯ ಅಪ್ಪ ಕುಣಿಗಲ್ ತಾಲ್ಲೂಕಿನಲ್ಲಿ ಉಪದೇಶಿಯಾಗಿದ್ದವರು. ಸೈಕಲ್ಲಿಗೆ ಹಾರ್ಮೋನಿಯಂ ಕಟ್ಟಿಕೊಂಡು ಯಡಿಯೂರಿನ ಸುತ್ತಲ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದರು. ಜನ ಹಾಡು ಕೇಳುತ್ತಿದ್ದರು, ಊಟ ಹಾಕುತ್ತಿದ್ದರು, ಚೇಳು ಕಚ್ಚಿದರೆ ಹೇಳಿ ಕಳಿಸುತ್ತಿದ್ದರು, ಮತಾಂತರ ಮಾತ್ರ ಆಗುತ್ತಿರಲಿಲ್ಲ. ಮುಪ್ಪಿನಲ್ಲಿ ಅವರ ಒಟ್ಟು ಸೇವೆಯ ಫಲ ಏನೆಂದು ಯಾರೋ ಕೇಳಿದ್ದಕ್ಕೆ, ನಮ್ಮ ಸೀಮೇಲಿ ಚೇಳು ಕಚ್ಚಿ ಯಾರೂ ಸಾಯಲಿಲ್ಲ ಎಂದಿದ್ದರು. ಅವರ ಮನೆಯಲ್ಲಿ ದೇವರ ಕೆಲಸವೆಂದರೆ ಒಬ್ಬರು ಮಾಡುವುದಲ್ಲ. ತಾಯಿ ಗಾಯ ಕಟ್ಟುತ್ತಿದ್ದರು, ಮಕ್ಕಳು ಚಿತ್ರದ ಸುರುಳಿ ಹೊರುತ್ತಿದ್ದರು. ಅಂಥ ಮನೆಯವಳು ಮಿಷನ್ ಸ್ಕೂಲಿನ ಲೆಕ್ಕದ ಮೇಷ್ಟರನ್ನು ಕಟ್ಟಿಕೊಂಡು, ಯಾರಿಗೂ ಏನನ್ನೂ ಸಾರದ ಗಂಡನ ಜೊತೆ ಹತ್ತೊಂಬತ್ತು ವರ್ಷ ಕಳೆದಿದ್ದಳು. ಆ ಬಗ್ಗೆ ಅವಳೆಂದೂ ಆಕ್ಷೇಪಣೆ ಎತ್ತಿದವಳಲ್ಲ. ಫೋಟೋ ಬಂದ ದಿನ ಮಾತ್ರ, "ಕಾಲಲ್ಲಿ ಹೋಗಕ್ಕಾಗ್ದೋರು ಮೊಣಕಾಲಲ್ಲಿ ಹೋಗ್ಬೇಕು ಕಣ್ರೀ" ಎಂದಿದ್ದಳು.

ಮೊಣಕಾಲ ಮೇಲಿನ ಆ ಪ್ರಯಾಣಕ್ಕೆ ಒಂದು ಕ್ರಮವಿತ್ತು. ಮೊದಲು ಜಯಶೀಲ, ಆಮೇಲೆ ರೂತಮ್ಮ, ಶಾಂತಿ, ಆಮೇಲೆ ದಾನಿಯೇಲ ಮತ್ತು ಅವನ ಉಬ್ಬಸ. ಅಲ್ಲಿ ಅವಳ ದನಿ ನಿಧಾನವಾಗುತ್ತಿತ್ತು. ಸಿಂಹಗಳ ಗವಿಯಲ್ಲಿ ಆ ದಾನಿಯೇಲನನ್ನು ಕಾಪಾಡಿದ ಕರ್ತನೇ, ಕಾಡಿನಲ್ಲಿ ಈ ದಾನಿಯೇಲನ ಉಸಿರನ್ನು ಕಾಪಾಡು. ಆಮೇಲೆ ಚಿಕ್ಕ ಮಗು. ಅದರ ಬೆನ್ನಿಗೇ, ಈ ಮನೆಯ ಯಜಮಾನರ ಹೊಟ್ಟೆಯ ವಾಯು. ಆಮೇಲೆ ನರಸಿಂಹಮ್ಮನವರ ಮಂಡಿ, ಆಮೆನ್. ಒರಿಸ್ಸಾದ ಕಾಡು ಮುಗಿಯುತ್ತಿದ್ದಂತೆ ತನ್ನ ಗ್ಯಾಸು ಬರುವುದು ಜ್ಞಾನಮಿತ್ರನಿಗೆ ಮೊದಮೊದಲು ಅವಮಾನವೆನ್ನಿಸುತ್ತಿತ್ತು. ಬರಬರುತ್ತ ಆ ವಾಕ್ಯ ಬರುವ ತನಕ ಹೊಟ್ಟೆ ಹಗುರವಾಗದಂತಾಯಿತು. ನರಸಿಂಹಮ್ಮನಿಗೂ ಈ ಹುಡುಗ ಗೊತ್ತಿದ್ದ. ಉಬ್ಬಸವೆಂದು ಕೇಳಿದ್ದೇ ಅವಳು ದೇವರಾಯನದುರ್ಗದ ಸ್ವಾಮಿಗೆ ಹರಕೆ ಕಟ್ಟಿಬಿಟ್ಟಿದ್ದಳು. "ನಿಮ್ ದೇವ್ರಿಗೆ ನೀವ್ ಹೇಳ್ಕಳಿ, ನಮ್ ದೇವ್ರಿಗೆ ನಾನ್ ಹೇಳ್ತೀನಿ. ಮಗ ಹುಸಾರಾಗ್ಲಿ, ಆಮ್ಯಾಕೆ ಯಾರ್ ಮಾಡಿದ್ದು ಅಂತ ಜಗಳ ಆಡಾನ ಬುಡಿ" ಎಂದಿದ್ದಳು.

ಎಮರ್ಜೆನ್ಸಿ ಮುಗಿದ ವರ್ಷ ಗುಬ್ಬಿಯಲ್ಲಿ ಸಂಘದ ಸಭೆಯಾಯಿತು. ತುಮಕೂರಿನಿಂದ ಹೋದವರು ಇಬ್ಬರೇ, ಜ್ಞಾನಮಿತ್ರ ಮತ್ತು ಚರ್ಚಿನ ಪಾದ್ರಿ, ಆಗಿನ ಅಯ್ಯನವರು. ವೇದಿಕೆಯ ಮೇಲಿನವರು ಮಲೇರಿಯಾ ತಲೆಗೇರಿ ದಾನಿಯೇಲ ತೀರಿಕೊಂಡ ಸುದ್ದಿ ಹೇಳಿ, ಈ ಕುಟುಂಬಕ್ಕಾಗಿ ಪ್ರಾರ್ಥಿಸುವ ಮನೆಯವರು ಇಲ್ಲಿದ್ದರೆ ಎದ್ದು ನಿಲ್ಲಬೇಕು ಎಂದರು. ಜ್ಞಾನಮಿತ್ರ ಎದ್ದು ನಿಂತ. ಪ್ರಾರ್ಥಿಸಿರಿ ಎಂದರು. ಹತ್ತು ಜನರ ಮುಂದೆ ಎಂದೂ ಬಾಯಿಬಿಡದವನು ಅಂದು ಎಷ್ಟು ಚೆನ್ನಾಗಿ ಪ್ರಾರ್ಥಿಸಿದನೆಂದರೆ ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು, ಅಯ್ಯನವರು ಮೇಷ್ಟ್ರೇ ಎಂದು ಅವನ ಕೈ ಒತ್ತಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹುಮ್ಮಸ್ಸು ಇತ್ತು. ಅದು ಅವನಿಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಮನೆಗೆ ಬಂದರೆ ಕೃಪಾವತಿ ಗರ್ಭಕೋಶದ ಆಪರೇಷನ್ ಆಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಹೊಲಿಗೆ ಬಿಚ್ಚಿದ ಮೇಲೆ ಹೇಳೋಣವೆಂದುಕೊಂಡ. ಹೊಲಿಗೆ ಬಿಚ್ಚಿದರು. ಮೈ ಸ್ವಲ್ಪ ಹಿಡಿಯಲಿ ಎಂದುಕೊಂಡ. ಸಾವಿನ ಸುದ್ದಿಯನ್ನು ಒಂದು ವಾರ ತಡ ಮಾಡಿದರೆ ಅದು ದಯೆ. ಒಂದು ತಿಂಗಳಾದರೆ ಅದಕ್ಕೆ ವಿವರಣೆ ಬೇಕು. ಒಂದು ವರ್ಷವಾದರೆ ಆ ಸುದ್ದಿಯ ಜೊತೆ ಇನ್ನೊಂದು ಸುದ್ದಿಯನ್ನೂ ಹೇಳಬೇಕಾಗುತ್ತದೆ, ಅದು ಹೇಳುವವನನ್ನು ಕುರಿತದ್ದು. ಅಷ್ಟರಲ್ಲಿ ಅಯ್ಯನವರಿಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಈ ವರ್ಗಾವಣೆಯಲ್ಲಿ ದೇವರ ಕೈ ಇರಬಹುದೇ ಎಂದು ಜ್ಞಾನಮಿತ್ರ ಒಂದು ಕ್ಷಣ ಯೋಚಿಸಿ, ಹಾಗೆ ಯೋಚಿಸಿದ್ದಕ್ಕೆ ನಾಚಿದ.

ಸಂಘದ ಪತ್ರಿಕೆ ಇಂಗ್ಲಿಷಿನಲ್ಲಿ, ಸ್ಕೂಲಿನ ವಿಳಾಸಕ್ಕೆ ಬರುತ್ತಿತ್ತು. ಅದರಲ್ಲೇನಿದೆ ಎಂದು ಅವನೇ ಮನೆಯಲ್ಲಿ ಹೇಳಬೇಕು. ಹುಡುಗ ಈಗ ಸ್ಕೂಲಿಗೆ ಸೇರಿರಬೇಕು ಅಲ್ವೇನ್ರೀ ಎಂದು ಕೃಪಾವತಿ ಕೇಳಿದ್ದಕ್ಕೆ, ಒಂದನೇ ಕ್ಲಾಸು ಎಂದ. ಮುಂದಿನ ವರ್ಷ ಎರಡನೆಯದು. ಅದರ ಮುಂದಿನ ವರ್ಷ ಮೂರನೆಯದು. ಅರ್ಧ ಮಾರ್ಕಿಗೆ ಹುಡುಗರನ್ನು ನಪಾಸು ಮಾಡಿ ಊರಿನವರಿಂದ ಬೈಸಿಕೊಳ್ಳುತ್ತಿದ್ದ ಮೇಷ್ಟರು ತಮ್ಮ ಸರ್ವೀಸಿನಲ್ಲಿ ಯಾವ ತಕರಾರೂ ಇಲ್ಲದೆ ವರ್ಷ ವರ್ಷವೂ ಪಾಸು ಮಾಡಿದ ಏಕಮಾತ್ರ ವಿದ್ಯಾರ್ಥಿ ಅವನೇ. ಇದರಲ್ಲಿ ಇನ್ನೊಂದು ತೊಡಕಿತ್ತು. ಸತ್ತವರಿಗಾಗಿ ಪ್ರಾರ್ಥನೆ ಮಾಡುವುದು ರೋಮನ್ ಕ್ಯಾಥೊಲಿಕರ ಪದ್ಧತಿ, ನಮ್ಮದಲ್ಲ ಎಂದು ಕೃಪಾವತಿಯ ಅಪ್ಪ ಜೀವಮಾನವೆಲ್ಲ ಬೋಧಿಸಿದ್ದರು. ಅಂಥವರ ಮಗಳು ಮೂರು ವರ್ಷದಿಂದ ದಿನವೂ ಒಬ್ಬ ಸತ್ತವನ ಉಬ್ಬಸ ವಾಸಿಯಾಗಲೆಂದು ಬೇಡುತ್ತಿದ್ದಳು. ಅದಕ್ಕೆ ಅವನು ಸ್ಪಷ್ಟವಾಗಿ ಆಮೆನ್ ಅನ್ನುತ್ತಿದ್ದ. ಒಮ್ಮೊಮ್ಮೆ, ಉಬ್ಬಸದ ಮಟ್ಟಿಗೆ ಪ್ರಾರ್ಥನೆ ಫಲಿಸಿದಂತೆಯೇ ಅಲ್ಲವೆ ಎನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

ಈಗ ಜಯಶೀಲನ ಸಂಸಾರವೇ ರಜದ ಮೇಲೆ ಬಂದಿತ್ತು. ಗುಬ್ಬಿಯಲ್ಲಿ ನಿನ್ನೆ ಸಭೆ, ಇವತ್ತು ಸಂಜೆ ಕುಣಿಗಲ್ಲಿನಲ್ಲಿ, ಮಧ್ಯಾಹ್ನದ ಊಟ ಪ್ರಾರ್ಥಿಸುವ ಮನೆಯಲ್ಲಿ. ಜ್ಞಾನಮಿತ್ರ ಗಡ್ಡ ಮುಗಿಸಿ, ಬಟ್ಟೆ ಹಾಕಿ, ಚಪ್ಪಲಿ ಮೆಟ್ಟಿದ. ಈಗ ಹೇಳಿಬಿಡೋಣವೆಂದು ತಿರುಗಿದರೆ ಕೃಪಾವತಿ ಕಾಜದ ದಾರ ಎಳೆದು ಬಿಗಿಯುತ್ತ, ಸೂಜಿಯನ್ನು ತುಟಿಯಲ್ಲಿ ಹಿಡಿದು, ತಡ ಆಯ್ತು ಹೋಗಿ ಎಂದು ಕೈಯಲ್ಲೇ ಸನ್ನೆ ಮಾಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಫೋಟೋದಲ್ಲಿ ಇದ್ದವರೇ ಬಿಸಿಲಿಗೆ ಒಣಹಾಕಿದಂತೆ ಸಣ್ಣಗೆ, ಕಪ್ಪಗೆ ಆಗಿದ್ದರು. ಎರಡು ಜಡೆಯ ಶಾಂತಿ, ರೂತಮ್ಮನ ಸೊಂಟದ ಮೇಲೆ ಚಿಕ್ಕದು. ಜಯಶೀಲ ವಂದನೆ ಬ್ರದರ್ ಎಂದು ಅಪ್ಪಿಕೊಂಡ. ಹೇಳಬೇಕಾದದ್ದನ್ನು ಜ್ಞಾನಮಿತ್ರ ದಾರಿಯುದ್ದಕ್ಕೂ ಲೆಕ್ಕದ ಹಾಗೆ ಬಿಡಿಸಿಕೊಂಡು ಬಂದಿದ್ದ. ನನ್ನ ಹೆಂಡತಿಗೆ ಇನ್ನೂ ಗೊತ್ತಿಲ್ಲ, ದಯವಿಟ್ಟು ನೀವೇ ಮೆಲ್ಲಗೆ. ಆದರೆ ಜಟಕಾದಲ್ಲಿ ಅವನಿಗೆ ಸಿಕ್ಕಿದ್ದು ಮುಂದೆ, ಗಾಡಿಯವನ ಪಕ್ಕದ ಜಾಗ. ಬೆನ್ನು ತಿರುಗಿಸಿಕೊಂಡು, ಕುದುರೆಯ ಬಾಲದ ಎದುರು ಹೇಳುವ ಮಾತೇ ಅದು? ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಬಂತು. ಇದು ದಾಟಿದ ಮೇಲೆ ಎಂದುಕೊಂಡ. ಗಾಲಿಗಳ ಸದ್ದಿನಲ್ಲಿ ತಾನು ಹೇಳಿದ್ದು ಯಾರಿಗೂ ಕೇಳಿಸದೆ ಹೋಗಿ, ಆದರೆ ಹೇಳಿದ್ದು ಹೇಳಿದ್ದೇ ಆಗುವುದಾದರೆ ಎಷ್ಟು ಚೆನ್ನ ಎಂದುಕೊಳ್ಳುವಷ್ಟರಲ್ಲಿ ಗಾರ್ಡಿನ ಡಬ್ಬಿ ದಾಟಿತು, ಗೇಟು ಎದ್ದಿತು. ಹಿಂದಿನಿಂದ ಶಾಂತಿ ಅವನ ಬೆನ್ನು ಮುಟ್ಟಿದಳು.

"ಅಂಕಲ್, ದಿನಾ ನಮ್ ಹೆಸರೆಲ್ಲಾ ಹೇಳಿ ಪ್ರಾರ್ಥನೆ ಮಾಡ್ತೀರಂತೆ. ಎಲ್ಲಾರ್ದೂನಾ?"

"ಎಲ್ಲಾರ್ದೂ" ಎಂದ ಜ್ಞಾನಮಿತ್ರ, ಕುದುರೆಗೆ.

ಕೃಪಾವತಿ ಬಾಗಿಲಲ್ಲೇ ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಜಯಶೀಲ ಹಿಂದೆ ಗಾಡಿಯಿಂದ ಟ್ರಂಕು ಇಳಿಸುತ್ತಿದ್ದ. ಕೃಪಾವತಿ ಶಾಂತಿಯ ಕೆನ್ನೆ ಹಿಡಿದಳು, ಚಿಕ್ಕದರ ಕಾಲು ಹಿಡಿದಳು. ಆಮೇಲೆ ಅವಳ ಕಣ್ಣು ಅವರಿಬ್ಬರ ಹಿಂದೆ, ಗೇಟಿನ ಹತ್ತಿರ, ಗಾಡಿಯ ಒಳಗೆ ಹೋಯಿತು. ಇದು ಹೇಳುವ ಸಮಯ ಎಂದು ಜ್ಞಾನಮಿತ್ರನಿಗೆ ಗೊತ್ತಾಯಿತು. ಬಾಯಿ ತೆರೆದ. ಬಂದ ಮಾತು ಬೇರೆ.

"ಬಸ್ಸಲ್ಲಿ ವಾಂತಿ ಮಾಡ್ಕೋತಾನೆ ಅಂತ ಗುಬ್ಬೀಲೇ ಬಿಟ್ಟು ಬಂದವ್ರೆ. ಅಲ್ಲಿನ ಅಯ್ಯನೋರ ಮನೇಲಿ. ನಾಳೆ ವಾಪಸ್ ಅಲ್ಲಿಗೇ ಹೋಗ್ತಾರಲ್ಲ."

ವಾಂತಿಯ ವಿವರ ಎಲ್ಲಿಂದ ಬಂತೋ ಅವನಿಗೆ ತಿಳಿಯಲಿಲ್ಲ. ಹೊಸಿಲ ಮೇಲೆ ಒಂದು ಕಾಲಿಟ್ಟಿದ್ದ ರೂತಮ್ಮ ಇನ್ನೊಂದನ್ನು ಎತ್ತಲಿಲ್ಲ. ಶಾಂತಿ ತಾಯಿಯ ಮುಖ ನೋಡಿದಳು. ರೂತಮ್ಮ ಜ್ಞಾನಮಿತ್ರನನ್ನು ನೋಡಿದಳು. ಅದರಲ್ಲಿ ಕೋಪವಿರಲಿಲ್ಲ. ಗುರುತು ಹತ್ತದವರನ್ನು ಎಲ್ಲೋ ನೋಡಿದ್ದೇನಲ್ಲ ಎಂದು ನೋಡುವ ಹಾಗೆ ನೋಡಿ, ಸೊಂಟದ ಮಗುವನ್ನು ಮೇಲಕ್ಕೆ ಸರಿಸಿಕೊಂಡಳು.

"ಹೂಂ ಅಕ್ಕ" ಎಂದಳು. "ಗುಬ್ಬೀಲವ್ನೆ."

ಊಟಕ್ಕೆ ಮುದ್ದೆ, ಕೋಳಿಸಾರು, ಅನ್ನ. ಜಯಶೀಲ ಚಿಕ್ಕದಾಗಿ ಪ್ರಾರ್ಥಿಸಿದ. ಕೃಪಾವತಿ ಬಡಿಸುವ ಮೊದಲೇ ಕೋಳಿಯ ಒಂದು ಕಾಲನ್ನು ಎತ್ತಿ ಪುಟ್ಟ ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು, ಗುಬ್ಬಿಗೆ. ಬಿಸಿಲಿಗೆ ಕೆಡುತ್ತೆ ಅಕ್ಕ ಎಂದು ರೂತಮ್ಮ ಅಂದದ್ದಕ್ಕೆ, ಹಂಗಾರೆ ಹೋಗೋ ಹೊತ್ಗೆ ಇನ್ನೊಂದು ಸಲ ಕುದಿಸಿ ಕೊಡ್ತೀನಿ ಎಂದಳು. ಹುಡುಗನಿಗೆ ಈಗಲೂ ರಾತ್ರಿ ಉಸಿರು ಹಿಡಿಯುತ್ತದೆಯೇ ಎಂದು ಕೇಳಿದಳು. ಇಲ್ಲ, ಈಗ ಇಲ್ಲ ಎಂದಳು ರೂತಮ್ಮ. ಜಯಶೀಲನ ಕೈ ತಟ್ಟೆಯಲ್ಲಿ ಒಂದು ಕ್ಷಣ ತಡೆಯಿತು. ಹೆಂಡತಿಯ ಮುಖ ನೋಡಿದ, ಅವಳು ಅವನ ಕಡೆ ನೋಡಲಿಲ್ಲ, ಅವನು ಮುದ್ದೆ ಮುರಿದ. ಇವರು ಬಹಳ ವರ್ಷ ಕಾಡಿನಲ್ಲಿ ಇದ್ದವರು, ಗೊತ್ತಿಲ್ಲದ ಭಾಷೆಯವರ ನಡುವೆ ಮೊದಲು ಸುಮ್ಮನಿರುವುದನ್ನು ಕಲಿತವರು ಎಂದು ಜ್ಞಾನಮಿತ್ರನಿಗೆ ಹೊಳೆಯಿತು. ಅವನಿಗೆ ಆ ಡಬ್ಬಿಯ ಮುಚ್ಚಳದಿಂದ ಕಣ್ಣು ಕೀಳಲಾಗಲಿಲ್ಲ. ಬಾಗಿಲಲ್ಲಿ ನರಸಿಂಹಮ್ಮ ಇಣುಕಿ, ಎಲ್ಲಿ ನನ್ ಹರಕೆ ಮಗ ಎಂದಳು. ಗುಬ್ಬೀಲವ್ನಂತೆ ಎಂದಳು ಕೃಪಾವತಿ. ಅಯ್ಯೋ ಹತ್ರಕ್ ಬಂದು ಕಣ್ಣಿಗೆ ಬೀಳ್ದಂಗಾದ್ನಲ್ಲ ಎಂದು ಅವಳು ಹೋದಳು. ದಾನಿಯೇಲ ಇಡೀ ಬೀದಿಗೆ ಗುಬ್ಬಿಯಲ್ಲಿ ಇದ್ದ.

ಊಟವಾದ ಮೇಲೆ ಹೆಂಗಸರು ಅಡಿಗೆಮನೆಗೆ ಹೋದರು. ನಡುವೆ ಒಂದು ಪರದೆ ಅಷ್ಟೆ. ಜಯಶೀಲ ಗೋಡೆಗೆ ಒರಗಿ, ತಮ್ಮದೇ ಫೋಟೋದ ಕೆಳಗೆ ಕೂತು, ಬೆಟ್ಟದ ಕತೆ ಹೇಳುತ್ತಿದ್ದ. ಅಲ್ಲಿಯವರು ಉಪ್ಪಿಗಾಗಿ ಎರಡು ಬೆಟ್ಟ ಇಳಿದು ಬರುತ್ತಾರೆ, ಮೊದಲ ವರ್ಷ ಬಾವಿಯ ಹತ್ತಿರಕ್ಕೂ ಇವರನ್ನು ಬಿಡುತ್ತಿರಲಿಲ್ಲ. ಆಮೇಲೆ ದನಿ ತಗ್ಗಿಸಿದ.

"ಮಗ ಹೋದ್ಮೇಲೇ ಬ್ರದರ್ ಅವ್ರು ನಮ್ಮನ್ನ ಹತ್ರ ಬಿಟ್ಕೊಂಡಿದ್ದು. ಇವ್ರ ಮಕ್ಳೂ ನಮ್ ಮಕ್ಳ ಹಾಗೇನೇ ಸಾಯ್ತವೆ ಅಂತ ಗೊತ್ತಾಯ್ತಲ್ಲ, ಅದಕ್ಕೆ."

ಅನೇಕ ವೇದಿಕೆಗಳ ಮೇಲೆ ಹೇಳಿ ಹೇಳಿ ಅಂಚು ಸವೆದ ಮಾತು. ಹಾಗೆ ಸವೆಸದೆ ಅದನ್ನು ಹೊತ್ತು ತಿರುಗುವುದು ಆಗುತ್ತಿರಲಿಲ್ಲವೇನೋ. ಜ್ಞಾನಮಿತ್ರ ಹೌದು ಹೌದು ಎಂದ. ಅವನ ಕಿವಿ ಪರದೆಯ ಆಚೆ ಇತ್ತು. ಅಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತು, ಕಾಗದದ ಪೊಟ್ಟಣ ಬಿಚ್ಚುವ ಸದ್ದಾಯಿತು. ಬಗಲು ಬಿಗಿ ಅನ್ನಿಸಿದರೆ ಬಿಚ್ಚಿ ಹೊಲಿಯಿರಿ, ಒಳಗೆ ಬಟ್ಟೆ ಬಿಟ್ಟಿದ್ದೇನೆ, ಬೆಳೆಯುವ ಹುಡುಗ ಎನ್ನುತ್ತಿದ್ದಳು ಕೃಪಾವತಿ.

"ಅಕ್ಕ, ಅವನಿಲ್ಲ" ಎಂದಳು ರೂತಮ್ಮ. "ಮೂರ್ ವರ್ಷ ಆಯ್ತು."

ಪೊಟ್ಟಣದ ಕಾಗದ ಮಡಿಸುವ ಸದ್ದಿನ ಹಿಂದೆ ಕೃಪಾವತಿಯ ದನಿ ಬಂತು. "ಮತ್ತೆ ಬಾಗ್ಲಲ್ಲಿ ಹೂಂ ಅಂದ್ರಿ?"

"ಇದಾನೆ ಅಂತ ಒಬ್ರು ಅಂದ್ರಲ್ಲ ಅಕ್ಕ. ಅಲ್ಲಿ ಬೆಟ್ಟದಲ್ಲಿ ಯಾರೂ ಹಂಗನ್ನಲ್ಲ. ಊಟ ಮುಗಿಯೋಗಂಟ ಗುಬ್ಬೀಲೇ ಇರ್ಲಿ ಅನ್ನಿಸ್ತು."

ಜಯಶೀಲನೂ ಕೇಳಿಸಿಕೊಂಡಿದ್ದ. ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಕುಳಿತ. ಕೃಪಾವತಿ ಪರದೆ ಸರಿಸಿ ಮಜ್ಜಿಗೆ ತಂದಳು. ಅತಿಥಿಗೆ ಕೊಟ್ಟು, ಗಂಡನಿಗೂ ಕೊಟ್ಟಳು. ಅವನ ಮಜ್ಜಿಗೆಗೆ ವಾಯುವಿಗೆಂದು ದಿನಾ ಹಾಕುವ ಹಾಗೆ ಇಂಗು ಹಾಕಿದ್ದಳು. ಇಂಗು ಹಾಕಿದ ಮೇಲೆ ಇನ್ನೂ ಆಸೆಯಿದೆ ಎಂದುಕೊಂಡ ಜ್ಞಾನಮಿತ್ರ. ಪ್ರಾಯಶಃ ಅವಳು ಇದನ್ನೆಲ್ಲ ಇವತ್ತಿನ ಮಾತೆಂದು ತಿಳಿದಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ಕೇಳಿ, ಗಾಬರಿಯಾಗಿ, ತನಗೆ ಆಘಾತವಾಗದಿರಲೆಂದು ಗಂಡ ಬಾಗಿಲಲ್ಲಿ ಒಂದು ಸುಳ್ಳು ಹೇಳಿದ. ಅಂಥ ಗಂಡನನ್ನು ಕ್ಷಮಿಸಬಹುದು. ಸ್ವಲ್ಪ ಮೆಚ್ಚಬಹುದು ಕೂಡ. ಅವನು ಮಜ್ಜಿಗೆ ಕುಡಿದ. ಅವಳು ಡಬ್ಬಿಯ ಮುಚ್ಚಳ ತೆಗೆದು ಕೋಳಿಯ ಕಾಲನ್ನು ಶಾಂತಿಯ ಕೈಗೆ ಕೊಟ್ಟಳು. ಹುಡುಗಿ ಅದನ್ನು ಗೋಡೆಯ ಕಡೆ ತಿರುಗಿ ತಿಂದಳು.

ಕುಣಿಗಲ್ ಬಸ್ಸಿಗೆ ಹೊರಡುವ ಹೊತ್ತಾಯಿತು. ರೂತಮ್ಮ ಅಂಗಿಯನ್ನು ತಾನೇ ಮಡಿಸಿ, ತೋಳುಗಳನ್ನು ಹಿಂದಕ್ಕೆ ಸೇರಿಸಿ, ಚೀಲದಲ್ಲಿ ಮೇಲುಗಡೆ ಇಟ್ಟುಕೊಂಡಳು. ಚಿಕ್ಕವನಿಗೆ ಆಗುತ್ತದೆ, ಇನ್ನೈದಾರು ವರ್ಷ ಹೋದರೆ ಎಂದಳು. ಅಂಗಳದಲ್ಲಿ ಜಯಶೀಲ ಜ್ಞಾನಮಿತ್ರನ ಎರಡೂ ಕೈ ಹಿಡಿದುಕೊಂಡ. ಬಾಗಿಲಲ್ಲಿ ಆದ ಎಡವಟ್ಟನ್ನು ಸರಿಮಾಡಿ, ಆತಿಥ್ಯ ಕೊಟ್ಟವರ ಮನಸ್ಸು ಹಗುರ ಮಾಡಿ ಹೋಗಬೇಕೆಂಬ ಒಳ್ಳೆಯ ಮನುಷ್ಯ. ಕೃಪಾವತಿ ಪಕ್ಕದಲ್ಲೇ ನಿಂತಿದ್ದಳು.

"ಆ ವರ್ಷ ಗುಬ್ಬಿ ಸಭೇಲಿ ನೀವು ಎದ್ದು ನಿಂತು ಮಾಡಿದ ಪ್ರಾರ್ಥನೆ ವಿಷಯ ನಿಮ್ಮ ಆಗಿನ ಅಯ್ಯನೋರು ನಮಗೆ ಬರೆದಿದ್ರು ಬ್ರದರ್. ಮಗೂನ ಮಣ್ಣು ಮಾಡಿ ತಿಂಗಳಾಗಿರ್ಲಿಲ್ಲ. ಸಭೆಗೆ ಸಭೇನೇ ಅತ್ತಿತಂತೆ. ಅದನ್ನ ನಾನೂ ಇವಳೂ ಮರೆಯಲ್ಲ."

ಜ್ಞಾನಮಿತ್ರ ಹೆಂಡತಿಯ ಕಡೆ ತಿರುಗಲಿಲ್ಲ. ತಿರುಗದೆಯೇ ಅವಳು ಮನಸ್ಸಿನಲ್ಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು, ಮೂರನೇ ಕ್ಲಾಸು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಿರುವುದು ಅವನಿಗೆ ತಿಳಿಯಿತು.

ಅವರನ್ನು ಬಸ್ಸು ಹತ್ತಿಸಿ ಬಂದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಬೈಯಲಿ ಎಂದು ಕಾದ. ಜಾಗ ಸಿಕ್ತಾ ಎಂದು ಕೇಳಿದಳು. ಸಿಕ್ತು ಎಂದ. ಮಗೂಗೆ ಕಿಟಕಿ ಪಕ್ಕವಾ ಎಂದಳು. ಕಿಟಕಿ ಪಕ್ಕವೇ ಎಂದ. ಅದು ನಿಜವಾಗಿದ್ದರಿಂದ ಬಹಳ ಸಮಾಧಾನದಿಂದ ಹೇಳಿದ. ನಿನಗೆ ಆಪರೇಷನ್ ಆಗಿತ್ತಲ್ಲ, ಅದಕ್ಕೆ ಎಂದು ಶುರು ಮಾಡಿದ. ಅವಳು ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದು, ಕೇಳುತ್ತಿದ್ದೇನೆ ಎನ್ನುವ ಹಾಗೆ ಮುಖವೆತ್ತಿದಳು. ಆಪರೇಷನ್ ಆಗಿ ಮೂರು ವರ್ಷವಾಗಿತ್ತು.

ದೀಪ ಹಾಕಿದ ಮೇಲೆ ಎಂದಿನಂತೆ ಚಾಪೆ ಹಾಸಿದಳು. ಇವತ್ತು ಏನು ಮಾಡುತ್ತಾಳೆಂದು ಅವನು ಊಹಿಸಲಾರದಾದ. ಉಪದೇಶಿಯ ಮಗಳು ಆ ಹೆಸರನ್ನು ಬಿಡಲೇಬೇಕು, ಬಿಟ್ಟರೆ ಎಲ್ಲ ಮುಗಿದಂತೆ, ನಾಳೆಯಿಂದ ಒಂದು ಹೆಸರು ಕಮ್ಮಿ, ದಿನ ಕಳೆದ ಹಾಗೆ ಎಲ್ಲ ಸರಿಹೋಗುತ್ತದೆ. ಮೊಣಕಾಲೂರಿ ಕಣ್ಣು ಮುಚ್ಚಿದ. ಜಯಶೀಲ, ಎಂದಳು. ರೂತಮ್ಮ, ಅವಳ ದುಃಖ. ಶಾಂತಿ. ಆಮೇಲೆ ದನಿ ಎಂದಿನ ಜಾಗದಲ್ಲಿ ಎಂದಿನಂತೆಯೇ ನಿಧಾನವಾಯಿತು.

"ದಾನಿಯೇಲ" ಎಂದಳು. ಗವಿಯ ಮಾತಿಲ್ಲ, ಉಬ್ಬಸದ ಮಾತಿಲ್ಲ. ಅವನಿಗಾಗಿ ಏನನ್ನೂ ಬೇಡಲಿಲ್ಲ. ಹೆಸರನ್ನಷ್ಟೇ ಹೇಳಿ, ಅದು ಕೇಳಬೇಕಾದವರಿಗೆ ಕೇಳಿಸಲಿ ಎಂಬಂತೆ ತಡೆದು, ಚಿಕ್ಕ ಮಗುವಿನ ಹೆಸರಿಗೆ ಬಂದಳು.

ಜ್ಞಾನಮಿತ್ರ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಮುಂದಕ್ಕೆ ಬಾಗಿದ, ತನ್ನ ಸರದಿಯೆಂದು.

"ನರಸಿಂಹಮ್ಮನೋರ ಮಂಡಿ ನೋವು ವಾಸಿ ಮಾಡು ಕರ್ತನೇ. ಆಮೆನ್."

ಅವಳೆದ್ದು ಒಳಗೆ ಹೋದಳು. ತನ್ನದು ಎಲ್ಲೋ ಬಿಟ್ಟುಹೋಗಿರಬೇಕು, ತಿರುಗಿ ಬಂದು ಸೇರಿಸಿಯಾಳು ಎಂದು ಅವನು ಚಾಪೆಯ ಮೇಲೆ ಹಾಗೆಯೇ ಕಾದ. ಒಳಗೆ ಅಕ್ಕಿ ತೊಳೆಯುವ ಸದ್ದು ಕೇಳಿಸಿತು. ಹೊಟ್ಟೆಯಿಂದ ವಾಯು ನಿಧಾನವಾಗಿ ಎದೆಯ ಕಡೆಗೆ ಏರತೊಡಗಿತು. ಆಮೆನ್ ಎಂದ.